ನಮಗೂ ಹೇಳು, ನಾವೂ ನಗ್ತೀವಿ

ಸುಶೀಲಾ ಟೀಚರಿಗೆ ಗುಟ್ಟಾಗಿ ನಗುವವರನ್ನು ಕಂಡರೆ ಆಗುತ್ತಿರಲಿಲ್ಲ. ಗಟ್ಟಿಯಾಗಿ ನಗುವುದಕ್ಕೆ ಅವರ ಅಭ್ಯಂತರವೇನೂ ಇರಲಿಲ್ಲ; ಗಣಿತದ ತರಗತಿಯಲ್ಲಿ ಇಡೀ ಕ್ಲಾಸು ಘೊಳ್ಳೆಂದರೂ, ಸೀಮೆಸುಣ್ಣ ಹಿಡಿದ ಕೈಯನ್ನು ಕರಿಹಲಗೆಯ ಮೇಲೆ ಹಾಗೇ ನಿಲ್ಲಿಸಿಕೊಂಡು, ನಗು ಮುಗಿಯುವವರೆಗೆ ಕಾದು, ಬಿಟ್ಟಲ್ಲಿಂದ ಲೆಕ್ಕ ಮುಂದುವರಿಸುತ್ತಿದ್ದರು. ಆದರೆ ಹಿಂದಿನ ಬೆಂಚಿನಲ್ಲಿ ಇಬ್ಬರು ತಲೆಗೆ ತಲೆ ತಾಗಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕೆಂದರೆ ಸಾಕು, ತಿರುಗಿಯೂ ನೋಡದೆ ಕೇಳುತ್ತಿದ್ದರು: "ಎಂತದು ತಮಾಷೆ ಮಾರಾಯ? ನಮಗೂ ಹೇಳು, ನಾವೂ ನಗ್ತೀವಿ." ತೊಂಬತ್ತರ ದಶಕದಲ್ಲಿ ಮೂಡಿಗೆರೆಯ ಆ ಹೈಸ್ಕೂಲಿನಲ್ಲಿ ಓದಿದವರು ತ್ರಿಕೋನಮಿತಿ ಮರೆತಿರಬಹುದು, ಈ ಮಾತನ್ನು ಮರೆತಿರಲಾರರು.

ಸೀರೆಯ ಮೇಲೆ ಗಂಡಸರ ಕಂದು ಉಣ್ಣೆಯ ಕೋಟು ತೊಟ್ಟು, ಎಡಗೈಯನ್ನು ಬೆನ್ನ ಹಿಂದೆ ಮಡಚಿಟ್ಟು, ರಸ್ತೆಯ ತೀರ ಅಂಚಿನಲ್ಲಿ ತುಸು ವಾಲಿಕೊಂಡು ನಡೆಯುವ ಅವರ ಆಕೃತಿ ಬಸ್‌ಸ್ಟ್ಯಾಂಡಿನ ಕಡೆಯಿಂದ ಕಾಣಿಸಿಕೊಂಡರೆ ಬೀದಿಯ ಹುಡುಗರು ಕಾರಣವಿಲ್ಲದೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಕೋಟಿನ ಒಂದು ಜೇಬಿನಲ್ಲಿ ಸೀಮೆಸುಣ್ಣ, ಇನ್ನೊಂದರಲ್ಲಿ ಏಲಕ್ಕಿ. ಶೀತವಾದ ಮಕ್ಕಳಿಗೆ ಏಲಕ್ಕಿ ಕೊಡುವಾಗಲೂ ಅವರ ಮುಖ ಗಂಟಿಕ್ಕಿಯೇ ಇರುತ್ತಿತ್ತು.

ಆ ಕಾಲದ ಕುಚೋದ್ಯವೆಲ್ಲ ಚೀಟಿಯ ಮೇಲೆ ಸಂಚರಿಸುತ್ತಿತ್ತು. ಯಾರದೋ ಮೆಳ್ಳೆಗಣ್ಣು, ಯಾರದೋ ಹರಕು ಚೀಲ, ಯಾರದೋ ತೊದಲು, ಎಲ್ಲವೂ ಪ್ರಾಸಬದ್ಧವಾಗಿ ಬೆಂಚಿನಿಂದ ಬೆಂಚಿಗೆ ಸಾಗುತ್ತಿದ್ದವು. ಟೀಚರು ಚೀಟಿ ಹಿಡಿದರೆ ಹರಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಬರೆದವನನ್ನೇ ಎದ್ದು ನಿಲ್ಲಿಸಿ ಗಟ್ಟಿಯಾಗಿ ಓದಿಸುತ್ತಿದ್ದರು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವನ ದನಿ ಉಡುಗಿ, ಕಿವಿ ಕೆಂಪಾಗಿ, ಚೀಟಿ ಕೈಯಲ್ಲೇ ಮುದುಡುತ್ತಿತ್ತು. ಬೆನ್ನ ಹಿಂದೆ ಆಡಿದ ಮಾತನ್ನು ಎದುರಿಗೇ ಆಡಿಸಿದರೆ ಅದರ ವಿಷ ಇಳಿಯುತ್ತದೆಂದು ಅವರು ಗಾಢವಾಗಿ ನಂಬಿದ್ದರು. ವರ್ಷಗಟ್ಟಲೆ ಆ ನಂಬಿಕೆ ಅವರ ಕೈ ಬಿಡಲೂ ಇಲ್ಲ.

ಆಮೇಲೆ ಮೊಬೈಲು ಬಂತು. ಎರಡು ಸಾವಿರದ ಆರರ ಹೊತ್ತಿಗೆ ತೋಟದ ಗುಡ್ಡಗಳ ಮೇಲೆ, ಎಲ್ಲಿ ಸಿಗ್ನಲ್ ಸಿಕ್ಕೀತೋ ಅಲ್ಲಿ, ಜನ ಕೈ ಮೇಲೆತ್ತಿಕೊಂಡು ನಿಲ್ಲುವುದು ಸಾಮಾನ್ಯ ದೃಶ್ಯವಾಗಿತ್ತು. ಆದರೆ ಹುಡುಗರಿಗೆ ಸಿಗ್ನಲ್ಲಿನ ಹಂಗೂ ಬೇಕಿರಲಿಲ್ಲ. ಹದಿನೈದು ಜನ ಒತ್ತಿಕೊಂಡು ಕೂರುವ ಬಾಡಿಗೆ ಜೀಪಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರು ಬ್ಲೂಟೂತಿನಲ್ಲಿ ಹಾಡು, ಫೋಟೋ, ವಿಡಿಯೋ ದಾಟಿಸಿಕೊಳ್ಳುತ್ತಿದ್ದರು. ಶಾಲೆಯಿಂದ ಹೊರಟ ಜೀಪು ಊರು ಮುಟ್ಟುವಷ್ಟರಲ್ಲಿ ಒಬ್ಬನ ಫೋನಿನಲ್ಲಿದ್ದದ್ದು ಎಲ್ಲರ ಫೋನಿಗೂ ಹೋಗಿರುತ್ತಿತ್ತು.

ಆ ವರ್ಷದ ಮಳೆಗಾಲದಲ್ಲಿ ಶಾಲೆಯವರು ಹತ್ತನೇ ಕ್ಲಾಸಿನ ಮಕ್ಕಳನ್ನು ಗುಡ್ಡ ಹತ್ತಿಸಲು ಕರೆದುಕೊಂಡು ಹೋಗಿದ್ದರು. ಹತ್ತಿರದ ಹಳ್ಳಿಯೊಂದರ ದೇವಸ್ಥಾನದ ಅರ್ಚಕ ಶಂಭು ಭಟ್ಟರ ಮಗಳು ಗಾನಶ್ರೀಯ ಕಾಲಿಗೆ ಹುಲ್ಲಿನಿಂದ ಒಂದರ ಹಿಂದೊಂದು ರಕ್ತ ಹೀರುವ ಇಂಬಳ ಹತ್ತಿದವು. ರಕ್ತ ಕಂಡರೆ ಹೆದರುವ ಹುಡುಗಿ ಲಂಗವನ್ನು ಮಂಡಿಯವರೆಗೆ ಎತ್ತಿ ಹಿಡಿದು, ಅಳುತ್ತ, ಒಂದೇ ಸಮನೆ ಕಾಲು ಕೊಡವಿದಳು. ದೊಡ್ಡ ತೋಟದ ಚಂದ್ರಶೇಖರ ಗೌಡರ ಮಗ ಸುಪ್ರೀತ್ ಅದನ್ನು ತನ್ನ ಹೊಸ ಫೋನಿನಲ್ಲಿ ಹಿಡಿದ. ಮನೆಗೆ ಹೋಗಿ, ಅಳುವ ದನಿ ತೆಗೆದು, ಆಗ ಎಲ್ಲೆಲ್ಲೂ ಕೇಳುತ್ತಿದ್ದ ಒಂದು ಕುಣಿತದ ಹಾಡು ಸೇರಿಸಿದ. ಮುಂದಿನ ವಾರ ಗಾನಶ್ರೀ ಜೀಪು ಹತ್ತಿದಾಗ ಗುರುತಿಲ್ಲದವರೂ ಆ ಹಾಡಿನ ಶಿಳ್ಳೆ ಹಾಕುತ್ತಿದ್ದರು. ಅವಳು ಯಾರಿಗೂ ಹೇಳಲಿಲ್ಲ. ಚೀಲವನ್ನು ಮಡಿಲಲ್ಲಿ ಅವುಚಿಕೊಂಡು, ಹೊರಗೆ ನೋಡುತ್ತ ಬಂದು ಹೋಗುತ್ತಿದ್ದಳು.

ಹೀಗಿರುವಾಗ ಒಂದು ದಿನ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದಿತು. ಟೀಚರು ತಿರುಗಿದರು, ಸುಪ್ರೀತನ ಕೈಯಲ್ಲಿ ಫೋನಿತ್ತು. ಎಂದಿನ ಮಾತೇ ಬಂತು. "ಎಂತದು ತಮಾಷೆ ಮಾರಾಯ? ಮುಂದೆ ಬಾ. ಎಲ್ರಿಗೂ ತೋರ್ಸು, ನಾವೂ ನಗ್ತೀವಿ." ಹುಡುಗ ಹಿಂಜರಿದ. ಹಿಂಜರಿದಷ್ಟೂ ಅವರ ಹಟ ಬಲಿಯಿತು. ಫೋನು ಬೆಂಚಿನಿಂದ ಬೆಂಚಿಗೆ ಹೋಯಿತು, ಹಾಡು ಕ್ಲಾಸಿನ ತುಂಬ ಕೇಳಿಸಿತು, ಕೆಲವರು ತಡೆಯಲಾರದೆ ನಕ್ಕರು. ಚೀಟಿ ಓದುವವನ ದನಿ ಉಡುಗುತ್ತಿತ್ತು. ಯಂತ್ರಕ್ಕೆ ಎಲ್ಲಿಯ ನಾಚಿಕೆ! ಅದು ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಯಿತು. ಗಾನಶ್ರೀ ಎದ್ದು, ಚೀಲವನ್ನೂ ತೆಗೆದುಕೊಳ್ಳದೆ ಹೊರಗೆ ನಡೆದಳು. ಟೀಚರು ಫೋನು ಕಸಿದು, ಕನ್ನಡಕ ಹಾಕಿಕೊಂಡು ನೋಡಿದರು. ನೋಡಿ, ಕುರ್ಚಿಯ ಮೇಲೆ ಕೂತರು. ಪಾಠದ ನಡುವೆ ಅವರು ಕೂತದ್ದನ್ನು ಮಕ್ಕಳು ಅದೇ ಮೊದಲು ನೋಡಿದ್ದು.

ಹುಡುಗಿ ಮಾರನೆಯ ದಿನ ಬರಲಿಲ್ಲ, ಆ ವಾರವಿಡೀ ಬರಲಿಲ್ಲ. ಅವಳ ಚೀಲ ಹಿಡಿದು ಟೀಚರು ಜೀಪು ಹತ್ತಿ ಮನೆಗೇ ಹೋದರು. ಶಂಭು ಭಟ್ಟರು ಕೂರಿಸಿ, ಕಾಫಿ ಕೊಡಿಸಿ, ತಲೆ ತಗ್ಗಿಸಿಕೊಂಡೇ ಹೇಳಿದರು: "ಓದಿದ್ದು ಸಾಕು ಟೀಚರೇ. ನಾಲ್ಕು ಜನರ ಬಾಯಿಗೆ ಬಿದ್ದ ಮೇಲೆ ಹೆಣ್ಣುಮಗಳು ಮನೇಲಿರೋದೇ ಕ್ಷೇಮ." ನಮ್ಮ ಕಡೆಯ ದೊಡ್ಡವರು ಯಾವಾಗಲೂ ಮಾಡುವ ತಪ್ಪು ಇದೇ: ಕಲ್ಲು ಹೊಡೆದವನು ಬೀದಿಯಲ್ಲಿ ತಿರುಗಾಡಿಕೊಂಡಿರುತ್ತಾನೆ, ಪೆಟ್ಟು ತಿಂದವಳಿಗೆ ಮನೆಯ ಬಾಗಿಲು ಹಾಕುತ್ತೇವೆ.

ಟೀಚರು ಒಳಬಾಗಿಲಲ್ಲಿ ನಿಂತಿದ್ದ ಹುಡುಗಿಯತ್ತ ತಿರುಗಿ, "ಅವತ್ತು ಎಲ್ರಿಗೂ ತೋರ್ಸು ಅಂದವಳು ನಾನು. ತಪ್ಪು ನಂದು ಮಗಾ," ಎಂದರು. ಮೇಷ್ಟ್ರಾದವರು ಮಕ್ಕಳೆದುರು ಹಾಗೆ ಹೇಳುವ ಪದ್ಧತಿ ಅಲ್ಲಿರಲಿಲ್ಲ. ಭಟ್ಟರು ಗಾಬರಿಯಿಂದ ಎದ್ದೇ ನಿಂತರು. ಗಾನಶ್ರೀ ಮಾತ್ರ ಕೇಳಿದಳು: "ಎಲ್ರ ಫೋನಲ್ಲೂ ಇದೆ ಟೀಚರ್. ಯಾರ್‍ಯಾರದ್ದು ಅಂತ ಅಳಿಸ್ತೀರಿ?"

"ಎಲ್ಲಾ ಅಳಿಸೋಕೆ ನನ್ನಿಂದ ಆಗ್ಲಿಕ್ಕಿಲ್ಲ. ಜೀಪಲ್ಲಿ ನಿನ್ನ ಪಕ್ಕ ಕೂತ್ಕೊಳ್ಳೋಕೆ ಆಗುತ್ತೆ."

ಅಲ್ಲಿಂದ ನೇರವಾಗಿ ಗೌಡರ ಬಂಗಲೆಗೆ ಹೋದರು. ಗೌಡರು ಶಾಲೆಯ ಸಮಿತಿಯಲ್ಲಿದ್ದವರು, ಮರ್ಯಾದಸ್ಥರು; ವಿಷಯ ಕೇಳಿ ಕೆರಳಿ, ಮಗನ ಫೋನು ಒಡೆಯಲು, ಬೆನ್ನು ಮುರಿಯಲು ಎದ್ದರು. "ಹೊಡೀಬೇಡಿ, ಫೋನೂ ಒಡೀಬೇಡಿ. ಹೊಡೆದ್ರೆ ಲೆಕ್ಕ ಚುಕ್ತಾ ಆಯ್ತು ಅಂದ್ಕೊಳ್ತಾನೆ," ಎಂದು ಟೀಚರು ತಡೆದರು. "ಯಾರ್‍ಯಾರಿಗೆ ಕಳಿಸಿದಾನೋ ಅವರ ಹತ್ರ ಇವನೇ ಹೋಗಿ, ನಾನು ಮಾಡಿದ್ದು ತಪ್ಪು, ಅಳಿಸಿ ಅಂತ ಕೇಳ್ಲಿ." ಸುಪ್ರೀತ್ ಕೇಳಿದ. ಸಹಪಾಠಿಗಳ ಬಳಿ, ಜೀಪಿನ ಡ್ರೈವರುಗಳ ಬಳಿ, ಮೊಬೈಲ್ ಅಂಗಡಿಯವನ ಬಳಿ ಹೋದ. ಕೆಲವರು ಅಳಿಸಿದರು, ಕೆಲವರು ಅವನನ್ನೇ ಗೇಲಿ ಮಾಡಿ ಕಳಿಸಿದರು. ಒಂದು ಸಂಜೆ ಅಂಗಡಿಯ ಹೊರಗೆ ನಿಂತು ಅತ್ತನಂತೆ.

ಜೊತೆಗೆ ಟೀಚರೇ ಇರುತ್ತಾರೆಂದ ಮೇಲೆ ಭಟ್ಟರು ಮಗಳನ್ನು ಮತ್ತೆ ಶಾಲೆಗೆ ಕಳಿಸಲು ಒಪ್ಪಿದರು. ಟೀಚರು ಕೊಟ್ಟ ಮಾತು ನಡೆಸಿದರು. ಶಾಲೆಗೆ ಕೂಗಳತೆಯ ದೂರದಲ್ಲಿ ಮನೆಯಿದ್ದವರು ಬೆಳಿಗ್ಗೆ ಮೊದಲ ಜೀಪಿನಲ್ಲಿ ಹಳ್ಳಿಗೆ ಹೋಗಿ, ಅದೇ ಜೀಪಿನಲ್ಲಿ ಗಾನಶ್ರೀಯ ಪಕ್ಕ ಕೂತು ಮರಳುತ್ತಿದ್ದರು. ದಾರಿಯಲ್ಲಿ ಅವರು ಏಲಕ್ಕಿ ಕೊಡುವುದು, ಇವಳು ತಿನ್ನುವುದು. ಮೊದಲ ದಿನವೇ ಕ್ಲಾಸಿನೆದುರು ನಿಂತು ತಮ್ಮ ತಪ್ಪನ್ನು ಭಟ್ಟರ ಮನೆಯಲ್ಲಿ ಹೇಳಿದಷ್ಟೇ ಸರಳವಾಗಿ ಹೇಳಿ, ಲೆಕ್ಕ ಶುರು ಮಾಡಿದ್ದರು.

ಕಾಫಿ ಹಣ್ಣು ಕೆಂಪಾಗುವ ಕಾಲಕ್ಕೆ ಒಂದು ಬೆಳಿಗ್ಗೆ ಜೀಪಿನ ಹಿಂಬದಿಯಿಂದ ಮತ್ತೆ ಆ ಹಾಡಿನ ಶಿಳ್ಳೆ ಕೇಳಿಸಿತು. ಹಾಕಿದ್ದು ಯಾರೋ ಕಾಲೇಜು ಹುಡುಗ; ಅವನ ಪಕ್ಕದವನೊಬ್ಬ ಕಿಸಕ್ಕೆಂದ. ಟೀಚರ ಬಾಯಿ ತೆರೆಯಿತು; ವರ್ಷಗಳ ಮಾತು ತುದಿನಾಲಿಗೆಗೆ ಬಂದಿತ್ತು. ಅವರು ಅದನ್ನು ನುಂಗಿಕೊಂಡು, ಕೋಟಿನ ಜೇಬಿನಲ್ಲಿ ಮುಷ್ಟಿ ಬಿಗಿದು ಕೂತರು. ಆಗ ಗಾನಶ್ರೀ ಪೂರ್ತಿ ಹಿಂದಕ್ಕೆ ತಿರುಗಿ, ಶಿಳ್ಳೆ ಹಾಕಿದವನ ಕಣ್ಣನ್ನೇ ನೋಡುತ್ತ ಕೇಳಿದಳು:

"ಎಂತದು ತಮಾಷೆ? ನಮಗೂ ಹೇಳಿ, ನಾವೂ ನಗ್ತೀವಿ."

ಜೀಪಿನಲ್ಲಿದ್ದವರೆಲ್ಲ ಆ ಹುಡುಗನತ್ತ ತಿರುಗಿದರು. ಅವನು ಮುಂದಿನ ತಿರುವಿನಲ್ಲೇ ಇಳಿದುಬಿಟ್ಟ. ಟೀಚರು ಮುಖ ಹೊರಗೆ ತಿರುಗಿಸಿಕೊಂಡು ಮೂಡಿಗೆರೆ ಬರುವವರೆಗೂ ತೋಟಗಳನ್ನು ನೋಡುತ್ತಲೇ ಇದ್ದರು. ಅದಾದ ಮೇಲೆ ಆ ಪ್ರಶ್ನೆಯನ್ನು ಅವರು ಯಾವ ಕ್ಲಾಸಿನಲ್ಲೂ ಕೇಳಲಿಲ್ಲ.

ಎಂದೂ ತಪ್ಪದ ಗುರುಗಳು ಇರಬಹುದು; ದೂರದಿಂದಲೇ ಅವರಿಗೆ ನಮಸ್ಕಾರ. ಮಗುವಿನೆದುರು ತಪ್ಪಿ, ಅದೇ ಮಗುವಿನೆದುರು ಒಪ್ಪಿಕೊಂಡು, ತನ್ನ ಪರವಾಗಿ ತಾನೇ ಕೇಳುವ ಧೈರ್ಯ ಅದಕ್ಕೆ ಬರುವವರೆಗೆ ಸುಮ್ಮನೆ ಪಕ್ಕದಲ್ಲಿ ಬಂದು ಕೂರುವವರು ಅಪರೂಪ. ಅಂಥವರು ನೆನಪಾದಾಗಲೆಲ್ಲ, ನಮ್ಮ ಮಕ್ಕಳಲ್ಲಿ ಯಾರಾದರೂ ಯಾವುದಾದರೂ ತುಂಬಿದ ಜೀಪಿನಲ್ಲಿ ಒಂಟಿಯಾಗಿ, ಚೀಲ ಅವುಚಿಕೊಂಡು ಹೊರಗೆ ನೋಡುತ್ತ ಕೂತಿರಬಹುದೇ ಎಂದು ಮನಸ್ಸು ಅಳುಕುತ್ತದೆ.