ಮಾಲೀಕರ ಹೆಸರಿಗೆ ಒಂದೇ ಗೆರೆ

ದೊಡ್ಡಮ್ಮ ಬುಟ್ಟಿಯ ತಳ ಹೆಣೆದು, ಬಿದಿರಿನ ಸೀಳುಗಳನ್ನು ಮೇಲಕ್ಕೆ ಬಾಗಿಸಿ, ಅದನ್ನು ಅಷ್ಟಕ್ಕೇ ನೆಲದ ಮೇಲಿಟ್ಟು ಎದ್ದುಬಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತಳು.

ಪರಿಶೀಲನೆಗೆ ಬಂದಿದ್ದ ಅಧಿಕಾರಿ ಮೇಡಂ ಸ್ವಲ್ಪ ಹೊತ್ತು ಕಾದರು. ಆಮೇಲೆ, ಮುಂದಕ್ಕೆ ಹೆಣೆಯಿರಿ ಎಂದರು.

"ನಂದು ಮುಗೀತಲ್ಲ" ಎಂದಳು ದೊಡ್ಡಮ್ಮ.

ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಬಾಗಿಲಿಗೊರಗಿ ನಿಂತಿದ್ದ ಹುಡುಗಿ ಅವರ ಎದುರಿಗೆ ಬಂದು ನಿಂತಳು.

ಕಾಡಿನಿಂದ ಬಂದು ಈ ಊರಂಚಿನಲ್ಲಿ ನೆಲೆಸಿದ ಅವರ ಜನರಲ್ಲಿ ಡಿಗ್ರಿ ಮುಗಿಸಿದವಳು ಅವಳೊಬ್ಬಳೇ. ಆಡುವುದಕ್ಕಿಂತ ಬರೆಯುವುದೇ ಹೆಚ್ಚು, ಅದಕ್ಕೇ ಎಲ್ಲರ ಬಾಯಲ್ಲೂ 'ಗುಮಾಸ್ತೆ'. ಮೂಲನಿವಾಸಿ ಉದ್ಯಮಗಳಿಗೆ ನೆರವು ಕೊಡುವ ಯೋಜನೆಗೆ ಅರ್ಜಿ ತುಂಬಿದವಳೂ ಅವಳೇ. ಮಾಲೀಕರ ಹೆಸರಿಗೆ ಅಲ್ಲಿ ಇದ್ದದ್ದು ಒಂದೇ ಗೆರೆ. ಹನ್ನೊಂದು ಹೆಂಗಸರು ಅದರಲ್ಲಿ ಹಿಡಿಸುವುದೆಲ್ಲಿಂದ ಬಂತು? ಹಿರಿಯಳೆಂದು ದೊಡ್ಡಮ್ಮನ ಹೆಸರು ಬರೆದಿದ್ದಳು. ತೂಕಕ್ಕಿರಲಿ ಎಂದು 'ಕೆಲಸವನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ತಾವೇ ಮಾಡುತ್ತಾರೆ' ಎಂದೂ ಸೇರಿಸಿದ್ದಳು.

ಅವರಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ತಳ ಹಾಕಿದವಳು ಮೈ ಎತ್ತುವುದಿಲ್ಲ, ಮೈ ಎತ್ತಿದವಳು ಅಂಚು ಕಟ್ಟುವುದಿಲ್ಲ. ಒಂದೇ ಕೈ ಮುಗಿಸಿದ ಬುಟ್ಟಿಯನ್ನು ಯಾರ ಮನೆಯೊಳಕ್ಕೂ ತರುವುದಿಲ್ಲ. ಅಂಬೆಗಾಲಿಡುವಾಗಿನಿಂದ ಕಂಡದ್ದು. ಬರೆಯುವಾಗ ಮಾತ್ರ ಅದು ಅವಳ ತಲೆಗೇ ಹೊಳೆಯಲಿಲ್ಲ.

ನೆರವು ಸಿಕ್ಕಿದರೆ ಒಣ ನೆಲದ ಒಂದು ಶೆಡ್ಡು. ಈ ಬಾಡಿಗೆ ಕೋಣೆಯ ಗೋಡೆ ಸದಾ ಒದ್ದೆ. ಬೂಷ್ಟು ಹಿಡಿದ ಬಿದಿರು ಅರ್ಧಕ್ಕರ್ಧ ಒಲೆಯ ಪಾಲು. ಹೋದ ವರ್ಷ ಹದಿನಾರು ಜನ ಇದ್ದರು. ಐವರು ಕಂಡವರ ಮನೆಯ ನೆಲ ಒರೆಸಲು ಹೋದರು. ಅರ್ಜಿ ಬಿದ್ದುಹೋದರೆ ಉಳಿದವರೂ ಅದೇ ದಾರಿ.

ಮೇಡಂ ಬರೆಯುತ್ತಿದ್ದುದು ಹುಡುಗಿಗೆ ತಲೆಕೆಳಗಾಗಿಯೇ ಕಂಡಿತು: 'ಅರ್ಜಿದಾರರಿಗೆ ಕೆಲಸ ಪೂರ್ತಿ...'

"ಮೇಡಂ, ಸ್ವಲ್ಪ ನಿಲ್ಸಿ." ಹುಡುಗಿ ಕೈ ಅಡ್ಡ ಹಿಡಿದಳು. "ದೊಡ್ಡಮ್ಮಂದು ತಪ್ಪಿಲ್ಲ. ಅರ್ಜಿ ಬರೆದಿದ್ದು ನಾನು. ಅದರಲ್ಲಿರೋದು ಸುಳ್ಳು."

"ಬಾಯಿ ಬಿಟ್ಟಳಪ್ಪ ಗುಮಾಸ್ತೆ" ಎಂದು ಹೆಂಗಸರ ನಡುವಿನಿಂದ ಚಿಕ್ಕಮ್ಮ ಗೊಣಗಿದಳು. "ಬಿಟ್ಟಿದ್ದೂ ಇದಕ್ಕೆ."

ಹುಡುಗಿ ತಡವರಿಸುತ್ತ ಎಲ್ಲವನ್ನೂ ಹೇಳಿದಳು. ಹಾಗಿದ್ದರೆ ಒಬ್ಬರ ಹೆಸರನ್ನೇ ಯಾಕೆ ಬರೆದದ್ದು ಎಂದು ಮೇಡಂ ಕೇಳಿದರು.

"ನಿಮ್ಮ ಕಾಗದದಲ್ಲಿ ಒಬ್ಬರಿಗೇ ಜಾಗ ಇತ್ತು."

ಮೇಡಂ ಕಾಗದವನ್ನೊಮ್ಮೆ, ನೆಲದ ಮೇಲಿನ ತಳವನ್ನೊಮ್ಮೆ ನೋಡಿದರು. ಉಳಿದದ್ದನ್ನು ಮಾಡುವವರು ಮಾಡಲಿ, ನೋಡುತ್ತೇನೆ ಎಂದರು. ಚಿಕ್ಕಮ್ಮ ಗೊಣಗುವುದನ್ನು ಬಿಟ್ಟು ಕುಳಿತಳು. ಅವಳ ಬೆರಳುಗಳಲ್ಲಿ ಬುಟ್ಟಿ ಮೈ ತುಂಬಿಕೊಂಡಿತು. ಆಮೇಲೆ ಪಕ್ಕದ ಮನೆಯ ಅತ್ತಿಗೆ ಅಂಚು ಕಟ್ಟಿದಳು. ಮೇಡಂ ಗಡಿಯಾರ ನೋಡಲಿಲ್ಲ.

ಗುಂಪಿಗೆಂದೇ ಬೇರೆ ಅರ್ಜಿ ನಮೂನೆಯಿದೆಯಂತೆ, ಕೇಳಿದವರಿಗೆ ಮಾತ್ರ ಕೊಡುತ್ತಾರಂತೆ. ಮೇಡಂ ಚೀಲದ ತಳದಿಂದ ಅದನ್ನು ತೆಗೆದು ಹುಡುಗಿಯ ಕೈಗಿತ್ತರು. ನಾಡಿದ್ದು ಕೊನೆಯ ದಿನ, ಹನ್ನೊಂದು ಸಹಿಯೂ ಬೇಕು.

"ಸಿಕ್ಕೇ ಸಿಗತ್ತೆ ಅಂತ ನಾನು ಹೇಳಲ್ಲ" ಎಂದರು. "ಈ ಸಲ ಇದ್ದದ್ದು ಇದ್ದ ಹಾಗೆ ಬರೀಮ್ಮ. ನಾನು ಕಂಡದ್ದನ್ನ ನಾನೂ ಬರೀತೀನಿ." ಅರ್ಧ ಬರೆದಿದ್ದ ವರದಿಯ ಹಾಳೆಯನ್ನು ಹರಿದು ಮಡಚಿಟ್ಟುಕೊಂಡರು.

"ಹನ್ನೊಂದು ಜನಾನೂ ಮಾಲೀಕರಾದ್ರೆ ನೀರು ಹೊತ್ತು ತರೋರು ಯಾರು?" ಎಂದಳು ದೊಡ್ಡಮ್ಮ. ಹೆಂಗಸರೆಲ್ಲ ನಕ್ಕರು. ಹುಡುಗಿ ಆಗಲೇ ನೆಲದ ಮೇಲೆ ಕುಳಿತು ಮೊದಲ ಹೆಸರು ಬರೆಯತೊಡಗಿದ್ದಳು.

ಹೊರಡಲೆಂದು ಎದ್ದ ಮೇಡಂ ಬುಟ್ಟಿಯನ್ನು ಕೈಗೆತ್ತಿಕೊಂಡರು. ಹೆಣಿಗೆಯನ್ನು ಒಬ್ಬಳು ಬಿಟ್ಟು ಇನ್ನೊಬ್ಬಳು ಹಿಡಿದ ಜಾಗಕ್ಕಾಗಿ ಅವರ ಬೆರಳು ನಿಧಾನವಾಗಿ ಸುತ್ತು ಬಂದಿತು. ಸಿಗಲಿಲ್ಲವೇನೋ, ಬೆಳಕಿಗೆ ಹಿಡಿದು ಮತ್ತೊಂದು ಸುತ್ತು ಶುರು ಮಾಡಿದರು.