ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ

ನಾನು ಒಂದು ಪ್ರೋಟೀನು. ಮನುಷ್ಯರ ರಕ್ತದಲ್ಲಿ ರೋಗ ಬಾರದಂತೆ ಕಾವಲು ಕಾಯುವ ಕಣಗಳ ಮೈಮೇಲೆ ನನ್ನಂಥವು ಸಾವಿರಾರು ನಿಂತಿರುತ್ತವೆ. ‘ಊದಿಕೋ, ಉರಿ’ ಎಂಬ ಸುದ್ದಿ ಹೊತ್ತು ಬರುವ ದೂತನನ್ನು ಹಿಡಿದು ಒಳಗೆ ಮುಟ್ಟಿಸುವುದು ನಮ್ಮ ಕೆಲಸ. ನಮ್ಮನ್ನು ಗ್ರಾಹಿ ಎನ್ನುತ್ತಾರೆ. ಆದರೆ ನಾನು ಯಾವ ಮನುಷ್ಯನ ಮೈಯನ್ನೂ ಕಂಡಿಲ್ಲ. ಕಾರ್ಖಾನೆಯೊಂದರಲ್ಲಿ ಸಾಕಿದ ಜೀವಕೋಶಗಳೊಳಗೆ ನನ್ನನ್ನು ಕಟ್ಟುವ ಸೂತ್ರವನ್ನು ಸೇರಿಸಿದರು. ಅವು ಬೆಚ್ಚಗಿನ ರಸದಲ್ಲಿ ತೇಲುತ್ತ ನನ್ನನ್ನು ಹೆತ್ತು ಹೊರಗೆ ಚೆಲ್ಲಿದವು. ಅದೂ ಹೊರಕ್ಕೆ ಚಾಚುವ ಭಾಗವನ್ನು ಮಾತ್ರ. ಒಳಗೆ ಬೇರೂರುವ ಭಾಗ ನನಗೆ ಇಲ್ಲವೇ ಇಲ್ಲ. ನಿಲ್ಲಲು ನೆಲೆಯಿಲ್ಲದೆ, ಏನನ್ನಾದರೂ ಹಿಡಿಯಬೇಕೆಂಬ ಚಡಪಡಿಕೆಯಲ್ಲೇ ನಾನು ಹುಟ್ಟಿದೆ.

ನನ್ನನ್ನು ಸೋಸಿ, ತೊಳೆದು, ಒಣಗಿಸಿ, ಚಿಟಿಕೆ ಬಿಳಿ ಪುಡಿ ಮಾಡಿ ಗಾಜಿನ ಪುಟ್ಟ ಶೀಶೆಗಳಿಗೆ ತುಂಬಿದರು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಧಾರವಾಡದ ಒಂದು ಪ್ರಯೋಗಾಲಯಕ್ಕೆ ಬಂದಿಳಿದೆ. ಸಹಾಯಕ ಮಾಬೂಸಾಬರು ಪೆಟ್ಟಿಗೆ ಒಡೆದರು. ಅವರ ಭುಜದ ಮೇಲಿಂದ ಬಗ್ಗಿ ನೋಡಿದವಳು ರೇವತಿ ಹಂಚಿನಮನಿ. ನಾಲ್ಕು ವರ್ಷಗಳಿಂದ ಅಲ್ಲಿ ಸಂಶೋಧನೆ ಮಾಡುತ್ತಿದ್ದಳು.

ಸಂಧಿವಾತದವರ ಕೀಲುಗಳಲ್ಲಿ ಆ ದೂತ ಸುಮ್ಮನಿರುವುದಿಲ್ಲ. ಅವನಿಗಿಂತ ಮೊದಲು ನನ್ನನ್ನು ಬಂದು ತಬ್ಬಿ, ಅವನಿಗೆ ಜಾಗವೇ ಇಲ್ಲದಂತೆ ಮಾಡುವ ಮದ್ದೊಂದನ್ನು ರೇವತಿ ಕಟ್ಟಿದ್ದಳು. ನನಗಿಂತ ಮೊದಲೇ ತರಿಸಿಟ್ಟಿದ್ದ ಹಳೆಯ ಶೀಶೆಗಳ ಗ್ರಾಹಿಯ ಮೇಲೆ ಅದು ಸೊಗಸಾಗಿ ಕೆಲಸ ಮಾಡಿತ್ತು. ಇಲಿಗಳಿಗೂ ತೊಂದರೆಯಾಗಿರಲಿಲ್ಲ. ಊರಿನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ರೋಗಿಗಳು ಮೊದಲ ಚುಚ್ಚುಮದ್ದಿಗೆ ಒಪ್ಪಿ ಹೆಸರು ಕೊಟ್ಟಿದ್ದರು. ಇನ್ನು ಕೊನೆಯ ಪರೀಕ್ಷೆ ಒಂದೇ ಬಾಕಿ. ಅದಕ್ಕೇ ನನ್ನನ್ನು ತರಿಸಿದ್ದು.

ರೇವತಿ ನನ್ನನ್ನು ನೀರಿನಲ್ಲಿ ಕದಡಿ ತಟ್ಟೆಯ ಸಣ್ಣ ಕುಳಿಗಳ ತಳಕ್ಕೆ ಅಂಟಿಸಿದಳು. ಮದ್ದು ಸುರಿದಳು. ನಾನು ಹಿಡಿದರೆ ಕುಳಿ ನೀಲಿಯಾಗಬೇಕು. ಮದ್ದು ನನ್ನ ಮೈಗೆ ತಾಗಿತು, ಜಾರಿತು, ತೊಳೆದುಹೋಯಿತು. ತಟ್ಟೆ ನೀರಿನಂತೆ ತಿಳಿಯಾಗಿಯೇ ಉಳಿಯಿತು.

ಮೂರು ಸಲ ಮಾಡಿದಳು. ಮೂರು ಸಲವೂ ಅಷ್ಟೆ.

“ಹೊಸಾ ಮಾಲು ಕೆಟ್ಟಿರಬೇಕ್ರಿ ಅಕ್ಕಾರ,” ಎಂದರು ಮಾಬೂಸಾಬರು. “ವಾಪಸ್ ಕಳಿಸಿಬಿಡೂಣು.”

ಅವಳ ಗುರು ಗಲಗಲಿ ಮೇಡಂ ಕೂಡ ಅದನ್ನೇ ನಂಬಿದರು. ನಾನು ಕೆಟ್ಟಿರಲಿಲ್ಲ. ಆದರೆ ಅದನ್ನು ಹೇಳಲು ನನಗೆಲ್ಲಿ ಬಾಯಿ? ರೇವತಿ ಕೈಗವಸು ಹಾಕುತ್ತಿದ್ದಳು, ಕಿತ್ತು ಎಸೆಯುತ್ತಿದ್ದಳು, ಮತ್ತೆ ಹಾಕುತ್ತಿದ್ದಳು. ಕೂತಲ್ಲಿ ಕೂರಲಿಲ್ಲ. ಎರಡು ದಿನ ಬಿಟ್ಟು ಮದ್ದಿನ ಬದಲು ನಿಜವಾದ ದೂತನನ್ನೇ ನನ್ನ ಮೇಲೆ ಸುರಿದಳು. ಹುಟ್ಟಿದಂದಿನಿಂದ ನಾನು ಕಾದಿದ್ದುದು ಅವನಿಗಾಗಿಯೇ! ಬಿಗಿಯಾಗಿ ಹಿಡಿದೆ. ಕುಳಿಗಳೆಲ್ಲ ನೀಲಿಯಾದವು.

ನಾನು ಸರಿಯಿದ್ದರೆ ತಪ್ಪು ಮದ್ದಿನದೇ; ಅವಳ ಮುಖದಲ್ಲಿ ಸಂತೋಷ ಕಾಣಲಿಲ್ಲ. ಹಳೆಯ ಶೀಶೆಯೊಂದನ್ನು ತೆಗೆದು, ಅದರ ಗ್ರಾಹಿಯ ಮೇಲೆ ಯಾವ ಸಂಬಂಧವೂ ಇಲ್ಲದ ಬೇರೊಂದು ಪ್ರೋಟೀನು ಸುರಿದಳು. ಅದೂ ನೀಲಿಯಾಯಿತು. ಹಳೆಯವು ಗಂಟುಗಟ್ಟಿ, ಬಂದದ್ದಕ್ಕೆಲ್ಲ ಅಂಟಿಕೊಳ್ಳುವ ಹಾಗಾಗಿದ್ದವು; ಮದ್ದನ್ನು ಹಿಡಿದಂತೆ ಕಂಡದ್ದೂ ಅದಕ್ಕೇ.

ಮಧ್ಯಾಹ್ನ ಗಲಗಲಿ ಮೇಡಂ ಬಂದಾಗ ಅವಳು ಇನ್ನೂ ಆ ತಟ್ಟೆಯ ಮುಂದೆಯೇ ನಿಂತಿದ್ದಳು.

“ಮೇಡಂ, ಹೋದ ಬ್ಯಾಸಗ್ಯಾಗ ಫ್ರೀಜರ್ ನಿಂತಿತ್ತಲ್ರಿ. ಹಳೇ ಶೀಶೆ ಎಲ್ಲಾ ಕರಗಿದ್ವು. ನಾ ಕಣ್ಣಾರೆ ನೋಡೇನಿ. ಸುಮ್ಮನ ಒಳಗ ಇಟ್ಟು ಬಾಗಿಲಾ ಹಾಕಿದೆ.”

“ಯಾಕ ಹೇಳಲಿಲ್ಲ?”

“ಮೊದಲ ಅಂಜಿಕಿ ಇತ್ತರಿ. ಆಮ್ಯಾಲ ಪರೀಕ್ಷೆ ಛಲೋ ಬಂತು. ಛಲೋ ಬಂದಮ್ಯಾಲ ಹೇಳಾಕ ಮನಸಾಗಲಿಲ್ಲ.”

ಮೇಡಂ ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಅವರ ನಿವೃತ್ತಿಗೆ ಐದು ತಿಂಗಳಿತ್ತು. ಆ ಮದ್ದು ಅವರ ಕೊನೆಯ ಕೆಲಸವಾಗಬೇಕಿತ್ತು. ಫೋನು ಎತ್ತಿ ಆಸ್ಪತ್ರೆಗೆ, “ಚುಚ್ಚುಮದ್ದು ನಿಲ್ಲಸ್ರಿ. ತಪ್ಪು ನಮ್ಮದು,” ಎಂದಷ್ಟೇ ಹೇಳಿದರು. ಆಮೇಲೆ ರೇವತಿಯ ಕಡೆ ತಿರುಗಿ, “ಆ ಹನ್ನೊಂದು ಮಂದಿಗೆ ನೀನ ಹೋಗಿ ಹೇಳು,” ಎಂದರು.

ಮರುದಿನ ಅವಳು ಹೋಗಿ ಬಂದಳು. ಮಾಬೂಸಾಬರು ಏನಾಯಿತೆಂದು ಕೇಳಿದರು.

“ಒಬ್ರು ಬೈದ್ರು. ಭಾಳ ಮಂದಿ ಎದ್ದು ಹೋದ್ರು. ಖಾನಾವಳ್ಯಾಗ ರೊಟ್ಟಿ ಬಡ್ಯಾಕಿ ಒಬ್ಬಾಕಿ ಇದ್ದಳ್ರಿ, ಬೆರಳು ಮಡಚಾಕ ಬರೂದಿಲ್ಲ. ನಾ ಎಲ್ಲಾ ಹೇಳಿ ಮುಗಿಸಿದಮ್ಯಾಲ ‘ಹಂಗಾರ ಮತ್ತ ಯಾವಾಗ ಬರ್ಲವ್ವಾ?’ ಅಂತ ಕೇಳಿದಳು.”

ರೇವತಿ ಮೊದಲಿನಿಂದ ಶುರುಮಾಡಿದಳು. ಅವಳ ಪದವಿ ಎರಡು ವರ್ಷ ತಡವಾಯಿತು. ಗಲಗಲಿ ಮೇಡಂ ನಿವೃತ್ತರಾದ ಮೇಲೂ ಗುರುವಾರಕ್ಕೊಮ್ಮೆ ಬಂದು ಅವಳ ಪಕ್ಕದಲ್ಲಿ ಕೂರುತ್ತಿದ್ದರು. ಶೀಶೆಯ ಮೇಲೆ ಶೀಶೆ ನಾನು ಖರ್ಚಾದೆ. ಇಪ್ಪತ್ತಾರು ಮದ್ದುಗಳು ಜಾರಿ ಹೋದವು. ಇಪ್ಪತ್ತೇಳನೆಯದು ಹಿಡಿಯಿತು. ಗಟ್ಟಿಯಾಗಿ ಅಲ್ಲ, ಆದರೆ ನಿಜವಾಗಿ. ಅದು ಈಗ ಬೇರೆಯವರ ಕೈಯಲ್ಲಿ, ಬೇರೆ ಪರೀಕ್ಷೆಗಳಲ್ಲಿ ಇದೆಯಂತೆ.

ನನ್ನದು ಒಂದೇ ಶೀಶೆ ಉಳಿದಿದೆ. ಚೀಟಿಯ ಮೇಲಿನ ತಾರೀಖು ದಾಟಿ ವರ್ಷಗಳಾದವು. ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ, ಹಿಮ ಕಟ್ಟಿದ ಮೂಲೆಯಲ್ಲಿ ಬಿದ್ದಿದ್ದೇನೆ. ಇಲ್ಲಿ ಅಲುಗಾಡುವಂತಿಲ್ಲ, ಆಸೆ ಮಾತ್ರ ಹೆಪ್ಪುಗಟ್ಟಿಲ್ಲ. ನನ್ನಿಂದ ಯಾರಿಗಾದರೂ ಉಪಯೋಗವಾಯಿತೋ ಇಲ್ಲವೋ ಎಂದು ಕೆಲವೊಮ್ಮೆ ಯೋಚಿಸುತ್ತೇನೆ.

ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬರುತ್ತಾರೆ. ಈಗ ಇಲ್ಲೇ ಕಲಿಸುತ್ತಿರುವ ರೇವತಿ, ಫ್ರೀಜರಿನ ಬಾಗಿಲಿಗೆ ತಾನು ಅಂಟಿಸಿರುವ ಕಾಗದವನ್ನು ಅವರಿಂದ ಗಟ್ಟಿಯಾಗಿ ಓದಿಸುತ್ತಾಳೆ. ಒಳಗಿರುವ ನನಗೂ ಅದು ಕೇಳಿಸುತ್ತದೆ: “ಕರಗಿದ್ದು ಕಂಡರೆ ಬಂದು ಹೇಳಿ. ಯಾರೂ ಬಯ್ಯುವುದಿಲ್ಲ.”