ಗೋಡೆಯಾಚೆಯ ಸೀತಾಳೆ

ಹನೀಫಾ ಅಡುಗೆಮನೆಯ ಮೆಟ್ಟಿಲ ಮೇಲಿಟ್ಟ ಪ್ಲಾಸ್ಟಿಕ್ ಚೀಲದಿಂದ ಬಿಳಿ ಹೂಗಳ ಕಡ್ಡಿಯೊಂದು ಹೊರಗೆ ಇಣುಕುತ್ತಿತ್ತು. ಮೆಲ್ಕಾರಿನಲ್ಲಿ ಅಂಗಡಿ ಇಟ್ಟ ಈ ಮನುಷ್ಯ, ಹೆಂಡತಿಗೆ ಏನು ತಂದರೂ ಮೊದಲು ತಾನೇ ಹಿಗ್ಗುವವನು.

“ನಿನಗೇ ತಂದದ್ದು. ದಿನಾ ಖಬರಸ್ಥಾನದ ಗೋಡೆ ಹತ್ತಿರ ನಿಂತು ಇದನ್ನೇ ನೋಡುವುದಲ್ಲವಾ ನೀನು? ಹೂವಿನ ಚಟ್ಟಿಯಲ್ಲಿ ನೆಡುವ. ಗೊಬ್ಬರ ಸಹ ಉಂಟು.”

ಶಮ್ನಾಳ ಕೈಯ ಸೌಟು ಅಲ್ಲೇ ನಿಂತಿತು.

ಬೇರೆ ಸೀತಾಳೆ ಹೂಗಿಡಗಳಂತೆ ಮರ ಹತ್ತದೆ ನೆಲದಲ್ಲೇ ಬೆಳೆಯುವ ಸೀತಾಳೆ ಅದು. ಗೊಬ್ಬರ, ಆರೈಕೆ ಯಾವುದೂ ಬೇಡ. ಮುರಕಲ್ಲಿನ ಬಡ ಮಣ್ಣು, ಸುತ್ತ ಒಂದಿಷ್ಟು ಹುಲ್ಲು ಸಾಕು. ಬೇಸಗೆಯಿಡೀ ಗೆಡ್ಡೆಯಾಗಿ ಮಣ್ಣೊಳಗೆ ಮಲಗಿ, ಮಳೆ ಹಿಡಿದ ಮೇಲೆ ಅದೇ ಜಾಗದಲ್ಲಿ ಏಳುತ್ತದೆ. ಎರಡು ವರ್ಷದ ಮಗ ಅಸ್ಕರನನ್ನು ಮಣ್ಣು ಮಾಡಿದ ದಿನ ಅದು ಅವನ ತಲೆಯ ಬದಿಯಲ್ಲಿ ಹೂ ಬಿಟ್ಟು ನಿಂತಿತ್ತು. ಹೆಂಗಸರು ಒಳಗೆ ಹೋಗುವ ಪದ್ಧತಿಯಿಲ್ಲ. ಶಮ್ನಾ ಗೋಡೆಯ ಹೊರಗಿನಿಂದಲೇ ನೋಡಿದ್ದಳು. ಗೋರಿಯ ಗುರುತಿಗೆ ನೆಟ್ಟ ಸಣ್ಣ ಕಲ್ಲುಗಳು ಆ ಮಳೆಗೇ ಕೊಚ್ಚಿಹೋದವು. ಒಳಗೆ ಹೋಗಬಹುದಾಗಿದ್ದ ಹನೀಫಾ, ದುಃಖ ತಡೆಯಲಾಗದೆ, ಮತ್ತೆ ಆ ಕಡೆ ಮುಖ ಹಾಕಲಿಲ್ಲ. ಇವತ್ತು ಹೋದದ್ದು ಹೂವಿಗೆ!

“ಕಿತ್ತ ಜಾಗದ ಗುರುತು ಉಂಟಾ?”

“ಗುರುತು ಎಂಥದ್ದು? ತುಳಿದು, ಹುಲ್ಲು ಮುಚ್ಚಿ ಬಂದೆ. ಯಾಕೆ?”

“ಅದು ನಮ್ಮ ಅಸ್ಕರನ ತಲೆಯ ಹತ್ತಿರದ ಗಿಡ.”

ಹನೀಫಾನ ಮುಖ ಬಿಳಿಚಿಕೊಂಡಿತು. ಚೀಲ ಎತ್ತಿಕೊಂಡು ಓಡಿದ. ಶಮ್ನಾಳಿಗೆ ಅವನನ್ನು ಹಿಡಿದು ಬಡಿಯುವಷ್ಟು ಸಿಟ್ಟು ಬಂತು; ಆದರೂ ಹಿಂದೆಯೇ ಓಡಿದಳು.

ಮಳೆ ಜೋರಾಗಿತ್ತು. ಗೋಡೆಯಾಚೆ ಎಲ್ಲಿ ನೋಡಿದರೂ ಹುಲ್ಲೇ ಹುಲ್ಲು. ತುಳಿದ ಹುಲ್ಲೂ ಅಷ್ಟರಲ್ಲಿ ಎದ್ದು ನಿಂತಿತ್ತು.

“ಇಲ್ಲಿಯಾ?” ಹನೀಫಾ ಒಳಗಿನಿಂದ ಕೂಗಿದ.

“ಸ್ವಲ್ಪ ಆಚೆ.”

“ಇಲ್ಲಿಯಾ?”

ಗಿಡವಿಲ್ಲದೆ ಅವಳಿಗೂ ಗೊತ್ತಾಗಲಿಲ್ಲ. ಇಷ್ಟು ವರ್ಷ ಕಣ್ಣುಮುಚ್ಚಿದರೂ ಕಾಣುತ್ತದೆ ಅಂದುಕೊಂಡಿದ್ದ ಜಾಗ. ಹನೀಫಾ ಮಂಡಿಯೂರಿ ಹುಲ್ಲು ಸರಿಸಿ ಸರಿಸಿ ಹುಡುಕುತ್ತಿದ್ದ. ಕೆಸರು ಗಡ್ಡಕ್ಕೆಲ್ಲ ಮೆತ್ತಿಕೊಂಡಿತ್ತು.

“ಹೇಳು ಮಾರಾಯ್ತಿ, ಇಲ್ಲಿಯಾ?” ಅವನ ಸ್ವರ ಒಡೆದಿತ್ತು.

“ಹೌದು,” ಎಂದಳು ಶಮ್ನಾ. “ಅಲ್ಲಿಯೇ.”

ಅವನು ಗಿಡ ನೆಡಲು ಎರಡೂ ಕೈಗಳಿಂದ ಮಣ್ಣು ತೋಡತೊಡಗಿದ. ಅವಳು ಗೋಡೆಗೆ ಬೆನ್ನು ಹಾಕಿ ನಿಂತಳು.